ಟೇಪಿನ ಆ ತುದಿ ಹಿಡಿದವರು

ಸಾಲಕ್ಕೆ ಬಂದ ಮನೆಗಳಿಗೆ ಬೆಲೆ ಕಟ್ಟುವ ಬ್ಯಾಂಕಿನ ಪ್ಯಾನೆಲ್ ವ್ಯಾಲ್ಯೂಯರ್ ಆಗಿ ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ಮೂವತ್ತು ವರ್ಷ ಮನೆಯಿಂದ ಮನೆಗೆ ತಿರುಗಿದ್ದೇನೆ. ಈಗ ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಅಳೆಯುವುದನ್ನು ಹೇಳಿಕೊಡಬೇಕಾಗಿಲ್ಲ, ಅದನ್ನು ಕಲಿತೇ ಬಂದಿರುತ್ತಾರೆ. ಅವರು ತಡವರಿಸುವುದು ಬಾಗಿಲು ತೆರೆದ ಮೇಲೆ. ಮನೆಯವರು ಹಿಂದೆ ಮುಂದೆ ಓಡಾಡುತ್ತಾ ಮಾತಾಡುತ್ತಲೇ ಇರುತ್ತಾರೆ. ಉತ್ತರ ಕೊಡಬೇಕೋ, ಸುಮ್ಮನಿರಬೇಕೋ ಇವರಿಗೆ ತಿಳಿಯುವುದಿಲ್ಲ. ಮೊನ್ನೆ ಒಬ್ಬ ಹುಡುಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಇಡೀ ಮನೆ ಅಳೆದು ಬಂದ. ಅಳತೆ ಸರಿಯಾಗಿಯೇ ಇತ್ತು. ಆ ಮನೆಯ ಯಜಮಾನರು ಮಾತ್ರ ನನಗೆ ಫೋನ್ ಮಾಡಿ, "ನಾವೇನಾದರೂ ತಪ್ಪು ಮಾಡಿದ್ವಾ ಸಾರ್?" ಎಂದು ಕೇಳಿದರು. ಅವತ್ತೇ ಇದನ್ನು ಬರೆಯಬೇಕು ಅನ್ನಿಸಿತು.

• ಅವರು ಮಾತಾಡುವುದು ಆತಂಕದಿಂದ. ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆ ಬೆಲೆಯ ಶೇ. 90, ಅಲ್ಲಿಂದ 75 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲಾದರೆ ಶೇ. 75. ಇದಕ್ಕಿಂತ ಹೆಚ್ಚು ಕೊಡಬಾರದೆಂದು ರಿಸರ್ವ್ ಬ್ಯಾಂಕ್ ಹಾಕಿದ ಮಿತಿ ಇದೆ. ದೊಡ್ಡ ಸಾಲವಾದರೆ, ನೀವು 5 ಲಕ್ಷ ಕಡಿಮೆ ಬರೆದ ಕೂಡಲೇ ಅವರಿಗೆ ಸಿಗಬಹುದಾದ ದುಡ್ಡಿನಲ್ಲಿ 3.75 ಲಕ್ಷ ಖೋತಾ. ಹತ್ತು ನಿಮಿಷದ ಹಿಂದೆ ಪರಿಚಯವೇ ಇಲ್ಲದಿದ್ದ ಒಬ್ಬರ ಕೈಯಲ್ಲಿ ಅಷ್ಟು ದೊಡ್ಡ ವಿಷಯ ಇರುವಾಗ ಯಾರಾದರೂ ಸುಮ್ಮನೆ ಹೇಗೆ ಕೂರುತ್ತಾರೆ? ಅವರ ಮಾತನ್ನು ಕಿರಿಕಿರಿ ಅಂದುಕೊಳ್ಳಬೇಡಿ.

• ಚಪ್ಪಲಿ ಹೊರಗೆ ಬಿಡಿ. ಹೆಸರು ಹೇಳಿ, ಗುರುತಿನ ಚೀಟಿ ತೋರಿಸಿ. "ಮುಕ್ಕಾಲು ಗಂಟೆ ಬೇಕಾಗುತ್ತೆ, ಎಲ್ಲಾ ಕೋಣೆ ನೋಡ್ತೀನಿ, ಫೋಟೋ ತೆಗೀತೀನಿ" ಎಂದು ಮೊದಲೇ ತಿಳಿಸಿ. ಏನು ನಡೆಯುತ್ತದೆಂದು ಗೊತ್ತಾದರೆ ಅರ್ಧ ಆತಂಕ ಅಲ್ಲೇ ಇಳಿಯುತ್ತದೆ.

• ಬಹಳ ಮಾತಾಡುವವರ ಕೈಗೆ ಟೇಪಿನ ತುದಿ ಕೊಡಿ. ಇದು ನನ್ನ ಗುರುಗಳು ಕಲಿಸಿದ್ದು. "ಆ ಮೂಲೆಗೆ ಸ್ವಲ್ಪ ಹಿಡ್ಕೋತೀರಾ ಸಾರ್?" ಅಂದರೆ ಸಾಕು, ಮಾತು ತಾನಾಗಿ ಕಡಿಮೆಯಾಗುತ್ತದೆ, ಮನೆ ಅಳೆದದ್ದು ಅವರ ಕಣ್ಣೆದುರೇ ಆಗುತ್ತದೆ. ಆಮೇಲೆ ಅಳತೆಯ ಬಗ್ಗೆ ತಕರಾರು ಬರುವುದಿಲ್ಲ. ಈಗ ನಿಮ್ಮ ಹತ್ತಿರ ಲೇಸರ್ ಮೀಟರ್ ಇದೆ, ಸರಿ. ಆಗಲೂ ಅಂಕಿಯನ್ನು ಅವರಿಗೆ ತೋರಿಸಿ, ಜೋರಾಗಿ ಓದಿ ಬರೆದುಕೊಳ್ಳಿ. ಬರೆಯುವ ಹೊತ್ತಿಗೆ ಮಾತು ಬಂದರೆ, "ಒಂದು ನಿಮಿಷ ಅಮ್ಮಾ, ಲೆಕ್ಕ ತಪ್ಪುತ್ತೆ" ಅನ್ನಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

• ಬಾಯಲ್ಲಿ ಬೆಲೆ ಹೇಳಬೇಡಿ. ಗೇಟಿನ ಹತ್ತಿರವೂ ಬೇಡ, ಅಂದಾಜು ಎಂದೂ ಬೇಡ, ಇಷ್ಟರಿಂದ ಇಷ್ಟರೊಳಗೆ ಎಂದೂ ಬೇಡ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ತೊಂಬತ್ತರ ದಶಕದ ಕೊನೆಯಲ್ಲಿ ಮಂಡ್ಯದ ಒಬ್ಬರು ಮಗಳ ಮದುವೆಗೆ ಮನೆ ಮೇಲೆ ಸಾಲ ತೆಗೆಯುತ್ತಿದ್ದರು. ಹೊರಡುವಾಗ ಬಹಳ ಕೇಳಿಕೊಂಡರು. "12 ಲಕ್ಷಕ್ಕೆ ಮೋಸವಿಲ್ಲ ಬಿಡಿ" ಎಂದುಬಿಟ್ಟೆ. ಮರುದಿನವೇ ಅವರು ಛತ್ರಕ್ಕೂ ಅಡುಗೆಯವರಿಗೂ ಮುಂಗಡ ಕೊಟ್ಟರು. ನಾನು ಕಚೇರಿಯಲ್ಲಿ ಕಾಗದ ಬಿಚ್ಚಿ ನೋಡಿದರೆ ಮಹಡಿ ಮನೆಗೆ ಪ್ಲಾನೇ ಇರಲಿಲ್ಲ. ವರದಿಯಲ್ಲಿ 9 ಲಕ್ಷ ಬರೆದೆ. ಸಾಲ ಕಡಿಮೆಯಾಯಿತು, ಛತ್ರ ಬದಲಾಯಿತು, ಮುಂಗಡ ಹೋಯಿತು. ಅವರು ನನ್ನ ಕಚೇರಿಗೆ ಬಂದು ಬೆಂಚಿನ ಮೇಲೆ ಕೂತರು. ಬೈಯಲಿಲ್ಲ. "ಅವತ್ತು ನೀವೇ ಹೇಳಿದ್ರಲ್ಲಾ ಸಾರ್" ಎಂದರು, ಅಷ್ಟೇ. ಇಷ್ಟು ವರ್ಷವಾದರೂ ಆ ಮಾತು ನನ್ನನ್ನು ಬಿಟ್ಟಿಲ್ಲ.

ಹಾಗಾದರೆ ಏನು ಹೇಳಬೇಕು? ಇದ್ದದ್ದನ್ನು ಹೇಳಿ: "ಕಾಗದ ನೋಡಬೇಕು, ಅಕ್ಕಪಕ್ಕದ ಕ್ರಯ ನೋಡಬೇಕು, ಆಮೇಲೆ ಬರೆದು ಬ್ಯಾಂಕಿಗೆ ಕೊಡ್ತೀನಿ. ನಿಮಗೆ ಬ್ಯಾಂಕಿನವರೇ ಹೇಳ್ತಾರೆ." ಎರಡನೇ ಸಲ ಕೇಳಿದರೂ ಇದೇ ಮಾತು, ಇದೇ ದನಿ.

• "ಮನೆ ತುಂಬಾ ಚೆನ್ನಾಗಿದೆ" ಎಂಬುದೂ ಅವರ ಕಿವಿಗೆ ಬೆಲೆಯಾಗಿಯೇ ಕೇಳಿಸುತ್ತದೆ. ಹಾಗೆಂದು ಮುಖ ಬಿಗಿದುಕೊಂಡು ಇರಬೇಡಿ. ಒಂದು ವಸ್ತುವನ್ನು ನೋಡಿ, ಅದರ ಬಗ್ಗೆ ಮಾತಾಡಿ. ಅಗ್ರಹಾರದ ಒಂದು ಹಳೇ ಮನೆಯಲ್ಲಿ ರೆಡ್ ಆಕ್ಸೈಡ್ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. "ಇದನ್ನು ಏನು ಹಾಕಿ ಒರೆಸ್ತೀರಿ ಅಮ್ಮಾ?" ಎಂದೆ. ಅಜ್ಜಿ ಐದು ನಿಮಿಷ ತೆಂಗಿನೆಣ್ಣೆಯ ವಿಷಯ ಹೇಳಿದರು. ನಾನು ಮದ್ರಾಸ್ ತಾರಸಿಯ ತೊಲೆಗಳನ್ನು ಒಂದೊಂದಾಗಿ ನೋಡಿ ಮುಗಿಸಿದೆ. ಇಬ್ಬರಿಗೂ ಸಂತೋಷವಾಯಿತು.

• ಬಿರುಕು ಕಂಡರೆ "ಅಯ್ಯೋ" ಅನ್ನಬೇಡಿ. "ಇದು ಯಾವಾಗ ಬಂತು?" ಎಂದು ಕೇಳಿ, ಫೋಟೋ ತೆಗೆದುಕೊಂಡು ಮುಂದೆ ಹೋಗಿ.

• ಎಲ್ಲಕ್ಕಿಂತ ಹೆಚ್ಚು ಕಲಿಯಬೇಕಾದದ್ದು ಕೆಲಸಕ್ಕೆ ಬರುವ ಮಾತು. ಹರಟೆಯ ಹಾಗೇ ಇರುತ್ತದೆ, ಆದರೆ ಅದರಲ್ಲೇ ವರದಿಗೆ ಬೇಕಾದದ್ದು ಸಿಗುತ್ತದೆ. ಮನೆಗೆ ಎಷ್ಟು ವರ್ಷ ಎಂದು ನೇರ ಕೇಳಿದರೆ "ಹೊಸದೇ ಸಾರ್, ಹತ್ತು ಹನ್ನೆರಡು" ಎನ್ನುತ್ತಾರೆ. ಸುಳ್ಳು ಹೇಳಬೇಕೆಂದಲ್ಲ, ನಮ್ಮ ಜನ ವರ್ಷ ನೆನಪಿಟ್ಟುಕೊಳ್ಳುವುದೇ ಬೇರೆ ರೀತಿ. ಗೃಹಪ್ರವೇಶದ ಬಗ್ಗೆ ಕೇಳಿ. 2024ರಲ್ಲಿ ನೋಡಿದ ಒಂದು ಮನೆಯಲ್ಲಿ ಯಜಮಾನಿತಿ ಹೇಳಿದರು: "ರಾಜ್‌ಕುಮಾರ್ ಅವರನ್ನ ಕಾಡಿಗೆ ಕರ್ಕೊಂಡು ಹೋಗಿದ್ರಲ್ಲಾ, ಬಸ್ಸೇ ಇರಲಿಲ್ಲ, ನೆಂಟರು ಬರೋಕಾಗಲಿಲ್ಲ." ಅಂದರೆ ಆ ಅಪಹರಣ ನಡೆದ 2000ನೇ ಇಸವಿ. ಸ್ವಲ್ಪ ಹೊತ್ತಿಗೆ, "ಮೇಲಿನ ಮನೆ ದೊಡ್ಡ ಮಗನ ಮದುವೆಗೆ ಮುಂಚೆ" ಎಂದರು. ಮದುವೆ ಫೋಟೋ ಗೋಡೆಯ ಮೇಲೇ ಇತ್ತು, 2012.

ಈ ಎರಡು ಮಾತಿನಿಂದ ಲೆಕ್ಕವೇ ಬದಲಾಯಿತು. ಆರ್‌ಸಿಸಿ ಕಟ್ಟಡಕ್ಕೆ 60 ವರ್ಷ ಆಯಸ್ಸು, ಕೊನೆಗೆ ಉಳಿಯುವ ಬೆಲೆ ಶೇ. 10 ಎಂದು ಹಿಡಿದರೆ ವರ್ಷಕ್ಕೆ ಶೇ. 1.5 ಸವಕಳಿ. ಕೆಳಗಿನ ಮನೆಗೆ ಶೇ. 36, ಮೇಲಿನದಕ್ಕೆ ಶೇ. 18. ಎರಡನ್ನೂ ಒಂದೇ ವಯಸ್ಸೆಂದು ಬರೆದಿದ್ದರೆ ಒಂದೋ ಬ್ಯಾಂಕಿಗೆ ಅನ್ಯಾಯ, ಇಲ್ಲವೇ ಆ ಮನೆಯವರಿಗೆ. ಆದರೆ ಮಾತನ್ನೇ ನಂಬಿ ಬರೆಯಬೇಡಿ. ಕಂದಾಯದ ರಸೀದಿ, ಕರೆಂಟಿನ ಮೀಟರ್ ಹಾಕಿಸಿದ ಕಾಗದ, ಪ್ಲಾನ್ ಮಂಜೂರಾದ ತಾರೀಖು ನೋಡಿ. ಮಾತು ಎಲ್ಲಿ ಹುಡುಕಬೇಕೆಂದು ತೋರಿಸುತ್ತದೆ. ಕಾಗದ ಅದನ್ನು ಖಾತ್ರಿ ಮಾಡುತ್ತದೆ.

ಇಂಥವೇ ಇನ್ನು ಕೆಲವು: ನೀರು ಹೇಗೆ, ನಲ್ಲಿಯಲ್ಲಿ ದಿನಾ ಬರುತ್ತಾ, ಬೋರ್ ಎಷ್ಟು ಅಡಿ? ಮಳೆ ಬಂದರೆ ರಸ್ತೆಯಲ್ಲಿ ನೀರು ನಿಲ್ಲುತ್ತಾ? ಪಕ್ಕದ ಖಾಲಿ ಸೈಟು ಯಾರದು? ಈ ಕೊನೆಯ ಪ್ರಶ್ನೆಯಿಂದ ಚಕ್ಕುಬಂದಿ ತಾಳೆ ನೋಡಬಹುದು. ಕ್ರಯಪತ್ರದಲ್ಲಿ ಪೂರ್ವಕ್ಕೆ ರಸ್ತೆ ಎಂದಿದ್ದು, ಇವರು ಅಲ್ಲಿ ಇನ್ನೊಬ್ಬರ ಸೈಟು ಎಂದರೆ ಅಲ್ಲೇ ನಿಂತು ವಿಚಾರಿಸಬೇಕು.

• ಮಕ್ಕಳನ್ನು ಕೇಳಿ ಮನೆಯ ಗುಟ್ಟು ತಿಳಿಯಬೇಡಿ. "ಮಳೆಗಾಲದಲ್ಲಿ ನಾವು ಈ ರೂಮಲ್ಲಿ ಮಲಗಲ್ಲ ಅಂಕಲ್" ಎಂದು ಒಂದು ಮಗು ತಾನಾಗಿಯೇ ಹೇಳಿತ್ತು. ಕ್ಯಾಲೆಂಡರ್ ಹಿಂದೆ ಗೋಡೆ ಒದ್ದೆಯಾಗಿ ಸುಣ್ಣ ಉಬ್ಬಿತ್ತು. ತಾಯಿಯ ಮುಖ ಬಾಡಿತು. ನಾನು ತಾರಸಿಗೆ ಹೋಗಿ ನೀರು ಎಲ್ಲಿ ನಿಲ್ಲುತ್ತಿದೆ ನೋಡಿಕೊಂಡು ಬಂದು, "ಮೇಲಿಂದ ಇಳೀತಾ ಇದೆ ಅಮ್ಮಾ, ನಾನೇ ನೋಡಿದೆ" ಎಂದೆ. ಮಗುವಿಗೆ ಬೈಗುಳ ಬೀಳಬಾರದಲ್ಲ.

• "ಪಕ್ಕದ ಮನೆ 1 ಕೋಟಿಗೆ ಹೋಯ್ತು" ಎಂದರೆ ಅಲ್ಲಗಳೆಯಬೇಡಿ, ಒಪ್ಪಲೂ ಬೇಡಿ. ಯಾವ ಮನೆ, ಯಾವಾಗ, ರಿಜಿಸ್ಟರ್ ಆಯಿತೇ ಎಂದು ಕೇಳಿ ಬರೆದುಕೊಳ್ಳಿ. ಸರ್ಕಾರದ ಮಾರ್ಗಸೂಚಿ ದರಕ್ಕೂ ಪೇಟೆ ಬೆಲೆಗೂ ವ್ಯತ್ಯಾಸ ಇರುವುದು ಎಲ್ಲರಿಗೂ ಗೊತ್ತು. ವಿಚಾರಿಸಿ ನೋಡಿ.

• "ನಿಮ್ಮೂರು ಯಾವುದು? ನಿಮ್ಮ ತಂದೆ ಹೆಸರು? ಮನೆದೇವರು?" ಈ ಪ್ರಶ್ನೆಗಳು ಎಲ್ಲಿಗೆ ಹೋಗುತ್ತವೆಂದು ನಿಮಗೂ ಗೊತ್ತು. ಊರು ಹೇಳಿ, ಅಲ್ಲಿಗೆ ನಿಲ್ಲಿಸಿ, ಮುಂದಿನ ಕೋಣೆಗೆ ನಡೆಯಿರಿ. "ಈ ಬೀದೀಲಿ ಎಲ್ಲಾ ನಮ್ಮವರೇ" ಎಂದರೆ ಅದು ಕಿವಿಯಲ್ಲೇ ಉಳಿಯಲಿ, ವರದಿಗೆ ಒಂದಕ್ಷರವೂ ಬರಬಾರದು. ಯಾರು ವಾಸ ಮಾಡುತ್ತಾರೆ ಎಂಬುದರಿಂದ ಮನೆಗೆ ಬೆಲೆ ಕಟ್ಟುವುದು ಅನ್ಯಾಯ.

• ಕಾಫಿಯ ವಿಷಯ. ಕಂಪನಿ ಕಾಯ್ದೆಯಡಿ 2017ರಲ್ಲಿ ಬಂದ ಮೌಲ್ಯಮಾಪಕರ ನಿಯಮಗಳಲ್ಲಿ ಒಂದು ನೀತಿಸಂಹಿತೆ ಇದೆ: ನಮ್ಮ ಸ್ವಾತಂತ್ರ್ಯಕ್ಕೆ ಧಕ್ಕೆ ತರುವ ಉಡುಗೊರೆ, ಆತಿಥ್ಯ ತೆಗೆದುಕೊಳ್ಳಬಾರದು. ಬ್ಯಾಂಕಿನ ಕೆಲಸಕ್ಕೂ ನಾನು ಅದನ್ನೇ ಇಟ್ಟುಕೊಂಡಿದ್ದೇನೆ. ಆದರೆ ನಮ್ಮ ಕಡೆ ನೀರು, ಕಾಫಿ ಬೇಡವೆಂದರೆ ಮನೆಯನ್ನೇ ಬೇಡವೆಂದ ಹಾಗೆ. ಬಂದ ಕೂಡಲೇ ನೀರು ಕುಡಿಯಿರಿ. ಅಳತೆಯೆಲ್ಲಾ ಮುಗಿದು ಪುಸ್ತಕ ಮುಚ್ಚಿದ ಮೇಲೆ ಅರ್ಧ ಲೋಟ ಕಾಫಿ. ಊಟಕ್ಕೆ ಕೂರಬೇಡಿ. "ನಮ್ಮ ತೋಟದ್ದೇ ಸಾರ್" ಎಂದು ತೆಂಗಿನಕಾಯಿ ಚೀಲ ಗಾಡಿಗೆ ಇಡಲು ಬಂದರೆ ಕೈಮುಗಿದು ಬೇಡವೆನ್ನಿ. ಹೆಣ್ಣುಮಕ್ಕಳೇ, ಅರಿಶಿನ ಕುಂಕುಮ ಕೊಟ್ಟರೆ ತೊಗೊಳ್ಳಿ, ಕಣದ ಜೊತೆ ಇಟ್ಟ ನೋಟು ಇದ್ದರೆ ಎರಡನ್ನೂ ತಟ್ಟೆಯಲ್ಲೇ ಬಿಡಿ.

• ದೇವರಮನೆ, ಮಲಗುವ ಕೋಣೆ, ಬಾಣಂತಿ ಇರುವ ಕೋಣೆ: ಕೇಳಿ ಒಳಗೆ ಹೋಗಿ. ಫೋಟೋದಲ್ಲಿ ಜನ, ಬೀರು ಬರಬಾರದು.

• ಎದುರುಮನೆಯವರು "ಏನ್ ಸಾರ್, ಮಾರ್ತಿದ್ದಾರಾ?" ಎಂದು ಕೇಳುವುದು ಖಂಡಿತ. "ಅಳತೆಗೆ ಬಂದಿದ್ದೆ" ಎನ್ನಿ. ಬಾಡಿಗೆಯವರಿಗೂ ಅಷ್ಟೇ. ಒಬ್ಬರ ಸಾಲದ ವಿಷಯ ಬೀದಿಯ ಬಾಯಿಗೆ ಬಿದ್ದರೆ ಅದನ್ನು ಹಿಂದಕ್ಕೆ ತರಲಾಗದು. ಪಾಲಿಗೆ ಬಂದ ಮನೆಯಾದರೆ ಅಣ್ಣ ಒಂದು ಮೂಲೆಗೆ ಕರೆಯುತ್ತಾರೆ, ತಮ್ಮ ಇನ್ನೊಂದು ಮೂಲೆಗೆ. ಇಬ್ಬರನ್ನೂ ಒಟ್ಟಿಗೆ ಕರೆದು ಒಂದೇ ಮಾತು ಹೇಳಿ.

• ಇನ್ನೊಂದು ಕಷ್ಟದ್ದು. ಸಾಲ ತೀರಿಸದವರಿಗೆ 2002ರ ಸರ್ಫೇಸಿ ಕಾಯ್ದೆಯಡಿ ಕೊಟ್ಟ ನೋಟಿಸಿನ 60 ದಿನ ಕಳೆದು, ಹರಾಜಿಗೆ ಬೆಲೆ ಕಟ್ಟಲು ಹೋಗುವ ಮನೆ. ಅಲ್ಲಿ ಹರಟೆ ಬೇಡ. ಮಕ್ಕಳು ಯಾವ ಕ್ಲಾಸು ಎಂದು ಕೇಳಬೇಡಿ, "ಎಲ್ಲಾ ಸರಿಹೋಗುತ್ತೆ" ಎನ್ನಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. ಬ್ಯಾಂಕಿನ ಅಧಿಕಾರಿ ಜೊತೆಗಿಲ್ಲದೆ ಒಳಗೆ ಹೋಗಬೇಡಿ. ಅವರು ಅತ್ತರೆ ಟೇಪು ಕೆಳಗಿಟ್ಟು ನಿಲ್ಲಿ. ಬೈದರೆ ಕೇಳಿಸಿಕೊಳ್ಳಿ. ಅಂಥ ಒಂದು ಮನೆಯಲ್ಲಿ ಯಜಮಾನರು ಬಾಗಿಲ ಚೌಕಟ್ಟು ಸವರುತ್ತಾ, "ಇದು ಹಲಸಿನ ಮರ, ನಮ್ಮ ಹಿತ್ತಲದ್ದು, ಬರ್ಕೊಳ್ಳಿ" ಎಂದರು. ಬರೆದುಕೊಂಡೆ, ವರದಿಯಲ್ಲೂ ಹಾಕಿದೆ. ಮರದ ಕೆಲಸಕ್ಕೆ ಸಲ್ಲಬೇಕಾದ ಬೆಲೆ ಸಲ್ಲಲೇಬೇಕು.

• ಹೊರಡುವಾಗ ಎಲ್ಲರೂ ಕೇಳುವುದು ಒಂದೇ: "ಯಾವಾಗ ಆಗುತ್ತೆ ಸಾರ್?" ಈ ಪ್ರಶ್ನೆಗೆ ಮಾತ್ರ ಖಚಿತವಾಗಿ ಉತ್ತರ ಕೊಡಿ. ವರದಿ ಯಾವ ದಿನ ಬ್ಯಾಂಕಿಗೆ ಕೊಡುತ್ತೀರೋ ಆ ದಿನ ಹೇಳಿ, ಆ ದಿನವೇ ಕೊಡಿ. ಆ ಮನೆಯಲ್ಲಿ ಕಾಯುತ್ತಿರುತ್ತಾರೆ.