ಮೊದಲು ಹಿಂದಿನ ಸಾಲಿನಲ್ಲಿ ಕೂತುಕೋ

ಈಶ್ವರಮಂಗಲದ ಶಾಲೆಗೆ ನೀನು ಮುಖ್ಯ ಶಿಕ್ಷಕಿಯಾಗಿ ಹೋದದ್ದು ಕೇಳಿ ಖುಷಿಯಾಯಿತು. ನಾಯಕತ್ವ ತರಬೇತಿ ಮುಗಿಸಿ ಬಂದ ಹುರುಪಿನಲ್ಲಿ, ಈ ವರ್ಷವೇ ಶಾಲೆಯನ್ನು ಪೂರಾ ಬದಲಾಯಿಸ್ತೇನೆ ಅಂತ ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೇ ಈ ಮಾತು. ಪೂರಾ ಬೇಡ ಮಾರಾಯ್ತಿ, ಒಂದು ಸಂಗತಿ ಬದಲಾದರೆ ಸಾಕು. ಅದು ನಿನ್ನ ವರ್ಗಾವಣೆಯ ನಂತರವೂ ನಡೆಯುವಂಥದ್ದಾಗಿರಲಿ.

ನಮ್ಮ ಪುತ್ತೂರಿನಲ್ಲೇ ನೋಡು. ಶಿವರಾಮ ಕಾರಂತರು ಬಾಲವನದಲ್ಲಿ ಮಕ್ಕಳಿಗೆ ಆಟ, ನಾಟಕಗಳ ಮೂಲಕ ಕಲಿಸುವ ಪ್ರಯೋಗ ಮಾಡಿದರು. ಬಾಲವನ ಈಗಲೂ ಇದೆ, ಅವರು ಅಲ್ಲಿ ನಡೆಸಿದ ಶಾಲೆ ಇಲ್ಲ. ಕಾರಂತರಂಥವರು ಬೆನ್ನಿಗಿದ್ದ ಕೆಲಸಕ್ಕೇ ಹೀಗಾದರೆ ನಮ್ಮ ನಿಮ್ಮಂಥವರು ಸ್ವಲ್ಪ ಯೋಚಿಸಬೇಕು.

ಹಾಗಾದರೆ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಯಾಕೆ ಉಳಿಯಿತು ಎಂದು ನಾನು ಆಗಾಗ ಯೋಚಿಸುವುದುಂಟು. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದರು. ಯುನಿಸೆಫ್ ನೆರವು ಇತ್ತು, ನಿಜ. ಆದರೆ ಕೂತು ಕನ್ನಡದ ಕಾರ್ಡು ಬರೆದವರು ಆ ಶಿಕ್ಷಕರೇ. ತಾವೇ ಬರೆದದ್ದನ್ನು ತಾವೇ ಹೇಗೆ ಬಿಟ್ಟುಹಾಕ್ತಾರೆ? 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆಲ್ಲ ಬಂತು. ಬರೇ ಸುತ್ತೋಲೆಯಾಗಿ ತಲುಪಿದ ಕೆಲವು ಕಡೆ ಕಲಿಕೆಯ ಹಂತ ತೋರಿಸುವ ಕಲಿಕಾ ಏಣಿ ಗೋಡೆಯಲ್ಲಿ ಚಂದಕ್ಕೆ ನೇತಾಡಿತು, ಪಾಠ ಹಳೇ ದಾರಿಯಲ್ಲೇ ನಡೆಯಿತು.

ಹಾಗಾಗಿ ಆಫೀಸಿನಲ್ಲಿ ಕೂತು ಆದೇಶ ಬರೆಯಬೇಡ. ಸಹಶಿಕ್ಷಕಿಯ ಒಪ್ಪಿಗೆ ಕೇಳಿ ಅವಳ ತರಗತಿಯ ಹಿಂದಿನ ಸಾಲಿನಲ್ಲಿ, ಚಾಪೆಯ ಮೇಲೆ ಕೂತುಕೋ. ಇನ್‌ಸ್ಪೆಕ್ಷನ್ ಪುಸ್ತಕ ತೆಗೆದುಕೊಂಡು ಹೋಗಬೇಡ. ಟೀಚರನ್ನು ನೋಡುವುದೂ ಬೇಡ, ಒಂದು ಮಗುವನ್ನು ಮಾತ್ರ ನೋಡು. ಗಡಿಯ ಊರದು. ಮನೆಯಲ್ಲಿ ತುಳುವೋ ಮಲಯಾಳವೋ ಬ್ಯಾರಿಯೋ ಆಡುವ ಮಗು ಕಾರ್ಡಿನ ಚಿತ್ರ ನೋಡಿ ತನ್ನ ಮನೆಮಾತಿನಲ್ಲಿ ಸರಿಯಾದ ಹೆಸರು ಹೇಳ್ತದೆ, ಕೆಳಗಿರುವ ಕನ್ನಡದ ಅಕ್ಷರಕ್ಕೆ ಬಂದಾಗ ಸುಮ್ಮನಾಗ್ತದೆ. ಆಚೀಚೆ ನೋಡಿ ಪಕ್ಕದವಳ ಬಾಯಿಯನ್ನು ಅನುಕರಿಸ್ತದೆ. ಮುಂದೆ ನಿಂತು ಮೂವತ್ತು ಮಕ್ಕಳನ್ನು ಸಂಭಾಳಿಸುವ ಟೀಚರಿಗೆ ಇದು ಕಾಣುವುದು ಕಷ್ಟ. ಕೂತ ನಿನಗೆ ಕಾಣ್ತದೆ.

ಗಂಟೆ ಹೊಡೆದ ಮೇಲೆ, "ನೀವು ಹೀಗೆ ಮಾಡಬೇಕಿತ್ತು" ಅನ್ನಬೇಡ. ಕಂಡದ್ದನ್ನು ಕಂಡ ಹಾಗೆ ಹೇಳಿ, "ಆ ಮಗು ಅಲ್ಲಿ ಯಾಕೆ ನಿಂತಿರಬಹುದು ಟೀಚರೇ?" ಎಂದು ಕೇಳು. ಆಮೇಲೆ ಬಾಯಿ ಮುಚ್ಚಿಕೊಂಡಿರು. ಹೀಗೆ ಜೊತೆಗಿದ್ದು ಮಾಡುವ ಕೋಚಿಂಗಿನಲ್ಲಿ ಅತಿ ಕಷ್ಟದ ಭಾಗ ಇದೇ, ಅದರಲ್ಲೂ ಮೇಷ್ಟ್ರುಗಳಿಗೆ. ಉತ್ತರ ಗೊತ್ತಿದ್ದರೆ ನಮ್ಮ ನಾಲಗೆ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು ತಡೆದುಕೊಂಡರೆ ಅವಳೇ ಒಂದು ದಾರಿ ಹೇಳ್ತಾಳೆ. ನಿನಗೆ ತೋಚಿದ್ದಕ್ಕಿಂತ ಅದು ಚಿಕ್ಕದಿರಬಹುದು, ಇರಲಿ. ಮುಂದಿನ ವಾರ ಅದನ್ನೇ ಮಾಡಿ ನೋಡಲಿ, ನೀನು ಮತ್ತೆ ಹೋಗಿ ಕೂತುಕೋ. ನಿನ್ನ ತರಗತಿಗೂ ಅವಳನ್ನು ಕರೆ. ನಿನ್ನ ಪಾಠದ ತಪ್ಪು ಅವಳು ಹೇಳಬಹುದಾದ ದಿನದಿಂದ ಉಳಿದವರೂ ಬಾಗಿಲು ತೆರೀತಾರೆ.

ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ಹೊಸ ಕೆಲಸವನ್ನು ಅವಳೇ ವಿವರಿಸಲಿ, ನೀನು ಪಕ್ಕದಲ್ಲಿರು. ಫೋಟೋ, ವಾಟ್ಸಾಪ್ ಗ್ರೂಪಿನ ಚಪ್ಪಾಳೆ ಇವೆಲ್ಲ ಅವಳಿಗೇ ಹೋಗಲಿ. ಇನ್ನೊಂದು ಮಾತು, ದಾಖಲೆಯ ಕೆಲಸ ಎಂದಿಗೂ ಮುಗಿಯುವುದಿಲ್ಲ. ತರಗತಿಯಲ್ಲಿ ಕೂರುವ ಹೊತ್ತನ್ನು ವೇಳಾಪಟ್ಟಿಯಲ್ಲೇ ಬರೆದಿಟ್ಟುಕೋ, ಇಲ್ಲದಿದ್ದರೆ ಬಿಸಿಯೂಟದ ಲೆಕ್ಕವೇ ಆ ಹೊತ್ತನ್ನು ತಿಂದುಬಿಡ್ತದೆ.

ಇನ್ನು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. 2001ರಲ್ಲಿ ಅದು ಬಂದದ್ದೇ ಶಾಲೆ ಅಪ್ಪ ಅಮ್ಮಂದಿರ ಕೈಗೂ ಸಿಗಲಿ ಎಂದು. ಅವರ ಹತ್ತಿರ ಬರೇ ಹಂಚು, ಕಾಂಪೌಂಡು ಮಾತಾಡಿ ಕಳಿಸಬೇಡ. ಮಗು ಮನೆಯಲ್ಲಿ ಯಾವ ಮಾತಿನಲ್ಲಿ ಕತೆ ಕೇಳ್ತದೆ ಎಂದು ಕೇಳು, ಟೀಚರಿಗೆ ಬೇಕಾದ ಮಾಹಿತಿ ಅಲ್ಲಿದೆ. ಒಂದೇ ಜಾಗ್ರತೆ: ಜುಲೈ ತಿಂಗಳಲ್ಲಿ ಮಳೆ ಬಿಟ್ಟು ಬಿಸಿಲು ಬಿದ್ದ ದಿನ ಸಭೆ ಕರೆಯಬೇಡ. ಅಡಿಕೆಗೆ ಮದ್ದು ಬಿಡುವುದು ಬಿಟ್ಟು ಯಾರೂ ಬರುವುದಿಲ್ಲ.