ಸತ್ತ ಮೀನೂ ಮಿದುಳಿನ ಚಿತ್ರವೂ

ವಾಚನಾಲಯಕ್ಕೆ ಬರುವ ಪತ್ರಿಕೆಗಳಲ್ಲಿ ಆಗಾಗ ಮಿದುಳಿನ ಚಿತ್ರವೊಂದು ಇರುತ್ತದೆ. ಅದರೊಳಗೆ ಒಂದು ಕೆಂಪು ಚುಕ್ಕೆ. ಕೋಪದ ಸ್ಥಾನ ಇದು, ಆಸೆಯ ಸ್ಥಾನ ಇದು ಎಂದು ಕೆಳಗೆ ಬರೆದಿರುತ್ತಾರೆ. ಓದುಗ ಬಂಧುಗಳು ಇದನ್ನು ಫೋಟೋ ಎಂದೇ ತಿಳಿಯುವುದು ಸಹಜ. ಆದರೆ ಆ ಚುಕ್ಕೆ ಕಣ್ಣಿಗೆ ಕಂಡದ್ದಲ್ಲ, ಲೆಕ್ಕದಿಂದ ಬಂದದ್ದು. ಲೆಕ್ಕವೆಂದ ಮೇಲೆ ತಪ್ಪಿಗೂ ಎಡೆಯುಂಟೆಂದು ನಮ್ಮಂಥ ಗುಮಾಸ್ತರಿಗೆ ಬೇರೆ ಹೇಳಬೇಕಾಗಿಲ್ಲ.

ಮಿದುಳಿನ ಯಾವ ಭಾಗ ದುಡಿಯುವುದೋ ಅಲ್ಲಿಗೆ ಹೊಸ ರಕ್ತ ಹೆಚ್ಚಾಗಿ ಹರಿಯುತ್ತದೆ. ಆಮ್ಲಜನಕ ತುಂಬಿದ ರಕ್ತಕ್ಕೂ ಅದನ್ನು ಕಳೆದುಕೊಂಡ ರಕ್ತಕ್ಕೂ ಅಯಸ್ಕಾಂತದ ಮುಂದೆ ನಡತೆ ಬೇರೆ. ಈ ವ್ಯತ್ಯಾಸವನ್ನು ಚಿತ್ರದಲ್ಲಿ ಹಿಡಿಯಬಹುದೆಂದು ಜಪಾನಿನ ಸೇಜಿ ಒಗಾವಾ ಅವರು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದಾಗ, 1990ರಲ್ಲಿ, ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಯಂತ್ರವು ಮಿದುಳನ್ನು ಸಾವಿರಾರು ಸಣ್ಣ ತುಣುಕುಗಳೆಂದು ಎಣಿಸಿ ಒಂದೊಂದರ ಏರಿಳಿತವನ್ನೂ ಬರೆದಿಡುತ್ತದೆ. ಏರಿಳಿತ ಅತಿ ಸೂಕ್ಷ್ಮ. ಯಂತ್ರದ್ದೇ ಏರುಪೇರೂ ಅದರಲ್ಲಿ ಬೆರೆತಿರುತ್ತದೆ. ಯಾವ ತುಣುಕಿಗೆ ಬಣ್ಣ ಹಚ್ಚಬೇಕೆಂಬುದನ್ನು ಸಂಖ್ಯಾಶಾಸ್ತ್ರ ತೀರ್ಮಾನಿಸಬೇಕು. ಮಿದುಳನ್ನು ಕುರಿತು ಸಂಶೋಧನೆ ಮಾಡುವ ವಿದ್ಯಾರ್ಥಿಗಳು ಈಗ ಡೇಟಾ ಸೈನ್ಸನ್ನೂ ಕಲಿಯುವುದು ಇದಕ್ಕಾಗಿಯೇ.

ಎಡವುವುದೂ ಇಲ್ಲಿಯೇ. ಒಬ್ಬನು ನಾಣ್ಯವನ್ನು ಹತ್ತು ಸಲ ಚಿಮ್ಮಿ, ಹತ್ತು ಸಲವೂ ಸಿಂಹವೇ ಮೇಲೆ ಬಿದ್ದರೆ ನಾವು ಬೆರಗಾಗುತ್ತೇವೆ. ಅದು 1,024ಕ್ಕೆ ಒಂದರಂತೆ ಆಗುವ ಮಾತು. ಆದರೆ ಗಿರಣಿಯ ಒಂದು ಪಾಳಿಯ ಸಾವಿರ ಜನರೂ ಹೀಗೆ ಚಿಮ್ಮಿದರೆ ಯಾರೋ ಒಬ್ಬನಿಗೆ ಹಾಗಾಗುವ ಸಂಭವವೇ ಹೆಚ್ಚು. ಅವನ ಕೈಯಲ್ಲಿ ಮಂತ್ರವಿದೆಯೆಂದು ಯಾರೂ ಹೇಳರು.

ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಇದನ್ನು 2009ರಲ್ಲಿ ಸೊಗಸಾಗಿ ತೋರಿಸಿಕೊಟ್ಟರು. ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿ ಮಲಗಿಸಿ, ಮನುಷ್ಯರ ಚಿತ್ರಗಳನ್ನು ತೋರಿಸಿ, ಇವರ ಮನಸ್ಸಿನ ಭಾವ ಏನೆಂದು ಮೀನನ್ನು ಕೇಳಿದರು! 8,064 ತುಣುಕುಗಳಲ್ಲಿ 16 ‘ಬೆಳಗಿದವು’. ಸಾವಿರಕ್ಕೊಂದು ತಪ್ಪಾದರೆ ಆಗಲಿ ಎಂಬ ಅಳತೆಯಿಟ್ಟು ಎಂಟು ಸಾವಿರ ಕಡೆ ಹುಡುಕಿದರೆ ಏಳೆಂಟಾದರೂ ಸುಳ್ಳು ಚುಕ್ಕೆ ನಿರೀಕ್ಷಿಸಲೇಬೇಕು. ಅಕ್ಕಪಕ್ಕದ ತುಣುಕುಗಳು ಒಟ್ಟಿಗೆ ಏರಿಳಿಯುವುದರಿಂದ ಒಮ್ಮೊಮ್ಮೆ ಇನ್ನೂ ಹೆಚ್ಚು. ಹುಡುಕಿದ ಕಡೆಗಳೆಷ್ಟೋ ಅದಕ್ಕೆ ತಕ್ಕಂತೆ ಅಳತೆಯನ್ನು ಬಿಗಿ ಮಾಡಿದಾಗ ಒಂದು ಚುಕ್ಕೆಯೂ ಉಳಿಯಲಿಲ್ಲ. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ 2012ರಲ್ಲಿ ಇದಕ್ಕೆ ಸಂದಿತು.

ಇನ್ನು ಮುಂದೆ ಇಂಥ ಚಿತ್ರ ಕಂಡರೆ, ಎಷ್ಟು ಜನರನ್ನು ಪರೀಕ್ಷಿಸಿದರು, ಎಷ್ಟು ಕಡೆ ಹುಡುಕಿದರು ಎಂಬುದನ್ನು ಬರೆದಿದ್ದಾರೆಯೇ ನೋಡಿ. ಹಾಗೆಂದು ಮೀನಿನ ಕಥೆ ಕೇಳಿ ವೈದ್ಯರು ಬರೆದುಕೊಟ್ಟ ಎಂ.ಆರ್.ಐ. ಪರೀಕ್ಷೆಯನ್ನು ಯಾರೂ ತಪ್ಪಿಸಬೇಡಿ. ಗಡ್ಡೆಯೋ ರಕ್ತಸ್ರಾವವೋ ಎಂದು ನೋಡಲು ತೆಗೆಯುವ ಆ ಚಿತ್ರದಲ್ಲಿ ಮಿದುಳಿನ ರಚನೆಯನ್ನೇ ನೋಡುತ್ತಾರೆ; ಅದು ಬೇರೆ ಕೆಲಸ.