ದಡಗಾಡಿನ ನಕ್ಷೆ ಬರೆಯಹೋಗಿ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಹೊಳೆ, ಹಳ್ಳ, ಕೆರೆಗಳ ದಡದಲ್ಲಿ ಅಲ್ಲಲ್ಲಿ ಚೂರುಚೂರಾಗಿ ಉಳಿದ ಮರಗಾಡನ್ನು ನಕ್ಷೆಗೆ ಇಳಿಸಲು ಹೊರಟಾಗ ನನಗೆ ಬರುತ್ತಿದ್ದದ್ದು ಕಂಪ್ಯೂಟರ್ ಒಂದೇ. ಹೊಳೆಮತ್ತಿ ಯಾವುದು, ಕರಿಮತ್ತಿ ಯಾವುದು ಎಂದು ಗುರುತಿಸಲೂ ತಿಳಿಯದು.

1. ಬೇಸಿಗೆಯ ಹಸಿರನ್ನು ನಂಬಬೇಡಿ

ಏಪ್ರಿಲ್‌ನಲ್ಲಿ ಬೆಟ್ಟದ ತಪ್ಪಲಿನ ಕುರುಚಲು ಕಾಡು ಎಲೆ ಉದುರಿಸಿ ಬೋಳಾಗಿರುತ್ತದೆ. ಆಗ ಉಪಗ್ರಹ ಚಿತ್ರದಲ್ಲಿ ಹಸಿರಾಗಿ ಕಂಡದ್ದೆಲ್ಲ ನೀರು ನಿಲ್ಲುವ ಕಾಡೇ ಎಂಬುದು ನನ್ನ ಲೆಕ್ಕ. ಹೀಗೆ ಒಂದು ಕೆರೆಯ ಹಿಂಭಾಗಕ್ಕೆ ಪೂರ್ತಿ ‘ಉಳಿದ ಜೌಗುಕಾಡು’ ಎಂದು ಬಣ್ಣ ಬಳಿದು, ನಾಲ್ಕು ಜನಕ್ಕೆ ಹೆಮ್ಮೆಯಿಂದ ತೋರಿಸಿಯೂ ಆಯಿತು. ಆಮೇಲೆ ಅಲ್ಲಿಗೆ ಹೋಗಿ ನೋಡಿದರೆ ಬಳ್ಳಾರಿ ಜಾಲಿ. ಒಳಗೆ ಕಾಲಿಡಲಾಗದ ಮುಳ್ಳು, ಬುಡದಲ್ಲಿ ಬಿರುಕುಬಿಟ್ಟ ಎರೆಮಣ್ಣು, ಆಡಿನ ಹಿಕ್ಕೆ. ಊರವರು ಹೊನ್ನುಹೊಳೆ ಎನ್ನುವ ಸುವರ್ಣಾವತಿಯ ದಡದಲ್ಲೂ ಇದೇ ಕಥೆ, ಜಾಲಿಯ ಬದಲು ತೆಂಗಿನ ತೋಟ ಅಷ್ಟೇ. ತೆಂಗು, ಕಬ್ಬು, ಜಾಲಿ, ಹೊಳೆಮತ್ತಿ ಎಲ್ಲವೂ ಮೇಲಿನಿಂದ ಹೆಚ್ಚುಕಡಿಮೆ ಒಂದೇ ಹಸಿರು. ಈಗ ಮಳೆಗಾಲದ್ದು, ಬೇಸಿಗೆಯದ್ದು ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಬಣ್ಣ ಬಳಿಯುವುದಕ್ಕೆ ಮೊದಲು ಬಸ್ ಹತ್ತುತ್ತೇನೆ.

2. ಚಿಕ್ಕದ್ದು ಚಿತ್ರದಲ್ಲಿ ಇರುವುದೇ ಇಲ್ಲ

ಪುಕ್ಕಟೆ ಸಿಗುವ ಸೆಂಟಿನೆಲ್-2 ಚಿತ್ರದ ಒಂದು ಚುಕ್ಕೆ ಎಂದರೆ ನೆಲದ ಮೇಲೆ 10 ಮೀಟರ್ ಚೌಕ. ಎರಡು ಮರದ ಅಗಲಕ್ಕಿರುವ ದಡಗಾಡು ಅದರಲ್ಲಿ ಪಕ್ಕದ ಗದ್ದೆಯೊಡನೆ ಕಲಸಿಹೋಗುತ್ತದೆ. ಇಸ್ರೋದ ರಾಷ್ಟ್ರೀಯ ಜೌಗುಭೂಮಿ ಅಟ್ಲಾಸ್ ಕೂಡ 2.25 ಹೆಕ್ಟೇರಿಗಿಂತ ಚಿಕ್ಕದ್ದನ್ನು ಬರೀ ಬಿಂದುವಾಗಿ ಗುರುತಿಸಿದೆ.

3. ಹಳೆಯ ನಕ್ಷೆ ಯಾರದ್ದೆಂದು ಮೊದಲು ನೋಡಿ

ಎಷ್ಟು ಹೋಯಿತು ಎನ್ನಲು ಎಷ್ಟಿತ್ತೆಂದು ತಿಳಿಯಬೇಕಲ್ಲ. ಮೈಸೂರು ಸಂಸ್ಥಾನದ ಹಳೆಯ ನಕ್ಷೆಯೊಂದರಲ್ಲಿ ಕೊಳ್ಳೇಗಾಲದ ಕಡೆ ಬರೀ ಬಿಳಿ ಕಂಡು, ‘ಇಲ್ಲಿ ತೋಪು ಇರಲಿಲ್ಲ’ ಎಂದು ಬರೆದುಕೊಂಡಿದ್ದೆ. 1956ರವರೆಗೆ ಕೊಳ್ಳೇಗಾಲ, ಅದರೊಳಗಿದ್ದ ಹನೂರೂ ಸೇರಿ, ಕೊಯಮತ್ತೂರು ಜಿಲ್ಲೆಯದು. ಬಿಳಿ ಬಿಟ್ಟಿದ್ದು ಅದು ಮದ್ರಾಸಿನವರ ನೆಲವೆಂದು! ಯಳಂದೂರಿನದು ಮತ್ತೊಂದು ಬಗೆ: 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಸಂದ ಜಹಗೀರು. ಅಕ್ಕಪಕ್ಕದ ತಾಲ್ಲೂಕುಗಳಾದರೂ ದಾಖಲೆ ಇಟ್ಟ ಕೈಗಳು ಬೇರೆಬೇರೆ.

4. ಜೌಗು ಎಲ್ಲಿ ಎನ್ನಬೇಡಿ, ದನ ಹೂತುಕೊಳ್ಳುವುದೆಲ್ಲಿ ಎನ್ನಿ

‘ನಿಮ್ಮೂರಲ್ಲಿ ಜೌಗುಭೂಮಿ ಇದೆಯೇ?’ ಎಂಬ ನನ್ನ ಪ್ರಶ್ನಾವಳಿಗೆ ಎಲ್ಲರದೂ ಒಂದೇ ಉತ್ತರ, ಇಲ್ಲ. ದನ ಕೆಸರಲ್ಲಿ ಸಿಕ್ಕಿಕೊಳ್ಳುವ ಜಾಗ ಯಾವುದೆಂದು ಕೇಳಿದಾಗ ದನ ಕಾಯುವವರೊಬ್ಬರು ಮಾತೇ ಆಡದೆ ಮುಂದೆ ನಡೆದರು. ಹಳ್ಳ ಕೆರೆಗೆ ಕೂಡುವಲ್ಲಿ ಲಕ್ಕಿಗಿಡದ ಮೆಳೆ. ಅದರಾಚೆ ನಯವಾದ ಬಿಳಿಚು ತೊಗಟೆಯ ಹೊಳೆಮತ್ತಿಗಳು. ತೊಗಟೆಯ ಮೇಲೆ ಎದೆಮಟ್ಟಕ್ಕೆ ಒಣಗಿದ ಕೆಸರಿನ ಗೆರೆ. ತುಂಬಿದಾಗ ನೀರು ಎಲ್ಲಿಯವರೆಗೆ ಬರುತ್ತದೆಂದು ನಾನು ಲೆಕ್ಕ ಹಾಕುತ್ತಿದ್ದದ್ದು ಅಲ್ಲಿ ಬರೆದೇ ಇತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರೂ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರೂ ಸೇರಿ ಮಾಡಿದ ಪವಿತ್ರ ತಾಣಗಳ ನಕ್ಷೆಯಲ್ಲಿ ದೇವರು, ಮಾರಿ, ವೀರುಗಳ ಜೊತೆ ಅಬ್ಬಿಗೂ, ಅಂದರೆ ನೀರಿನ ನೆಲೆಗೂ, ಜಾಗವಿದೆ. ಅದನ್ನು ಮೊದಲೇ ನೋಡಿದ್ದರೆ ಒಂದು ಬೇಸಿಗೆಯ ಅಲೆದಾಟ ಉಳಿಯುತ್ತಿತ್ತು.

5. ಹೂಳೆತ್ತಿದ ಮಾತ್ರಕ್ಕೆ ಕೆರೆ ಉಳಿಯಿತೆಂದಲ್ಲ

ಕೆರೆ ಹೂಳೆತ್ತುವುದನ್ನು ನಾನೂ ಹೊಗಳಿ ಮಾತಾಡಿದವನೇ. ಜೆಸಿಬಿ ಅಂಚನ್ನು ಗೋಡೆಯಂತೆ ನೆಟ್ಟಗೆ ಕಡಿದ ಮೇಲೆ ಇಳಿಜಾರು ಉಳಿಯುವುದಿಲ್ಲ. ವರ್ಷದಲ್ಲಿ ಕೆಲವು ತಿಂಗಳು ನೀರಲ್ಲಿ, ಕೆಲವು ತಿಂಗಳು ಒಣನೆಲದಲ್ಲಿ ನಿಲ್ಲುವ ಮರಗಳಿಗೆ ಬೇಕಾದದ್ದು ಆ ಇಳಿಜಾರೇ. ಕಾನೂನು ಕಾಯುತ್ತದೆ ಎಂದುಕೊಂಡಿದ್ದೆ. 2017ರ ಜೌಗುಭೂಮಿ ನಿಯಮಗಳನ್ನು ಓದಿದರೆ ನದಿಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೋ ನೀರಾವರಿಗೋ ಎಂದೇ ಕಟ್ಟಿದ ಕೆರೆ ಎಲ್ಲ ಅದರ ಹೊರಗೆ. ನಮ್ಮ ಸೀಮೆಯಲ್ಲಿ ಇನ್ನೇನು ಉಳಿಯಿತು ಸ್ವಾಮಿ? ಕಾವೇರಿ ದಡದ ಹೊಳೆಮತ್ತಿಗಳಿಗೂ ಅವನ್ನೇ ನಂಬಿದ ಬೂದು ಹೆಬ್ಬಳಿಲಿಗೂ ವನ್ಯಧಾಮದ ಆಸರೆಯಾದರೂ ಇದೆ. ಊರ ಕೆರೆಯ ಹಿಂದಿನ ನೇರಳೆ, ಹೊಂಗೆಗಳು ದಾಖಲೆಯಲ್ಲಿ ಬರೀ ಖರಾಬು. ಅದಕ್ಕೇ ಈಗ ನಕ್ಷೆಯ ಮೊದಲ ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಡುತ್ತೇನೆ, ಅದೂ ಹೂಳೆತ್ತುವ ಟೆಂಡರ್ ಕರೆಯುವ ಮುಂಚೆ.